ಕರಿ ಕೇಸರದ ಓರೋಕ್ ಅವರ ಹೊಟ್ಟೆಯ ವಿಚಾರವಾಗಿ

ಶ್ರೀಯುತ ಓರೋಕ್ ಅವರಿಗೆ,
ಜವುಗಿನ ಜೊಂಡಿನಿಂದ ಮರಳುಹೊಳೆಯವರೆಗಿನ ಸಮಸ್ತ ಸೀಮೆಯ ಇಬ್ಬರು ಒಡೆಯರಲ್ಲಿ ದಪ್ಪನೆಯವರಾದ ತಮಗೆ.

ಮಾನ್ಯರೇ,

ತಮ್ಮ ದೇಹಸ್ಥಿತಿ ಉತ್ತಮವಾಗಿದೆಯೆಂದು ನಂಬಿದ್ದೇನೆ ಎಂದು ಆರಂಭಿಸುವುದು ಪತ್ರ ಬರೆಯುವವರ ವಾಡಿಕೆ. ನನಗೆ ಹಾಗೆ ನಂಬಬೇಕಾದ ಅಗತ್ಯವಿಲ್ಲ, ಕಣ್ಣಾರೆ ಕಂಡಿದ್ದೇನೆ. ನಿನ್ನೆ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ತಾವು ದೊಡ್ಡ ಜಾಲಿ ಮರದ ಕೆಳಗೆ ನಾಲ್ಕೂ ಕಾಲುಗಳನ್ನು ಆಕಾಶಕ್ಕೆ ಒಪ್ಪಿಸಿ ಅಂಗಾತ ಮಲಗಿದ್ದಿರಿ. ತಮ್ಮ ಹೊಟ್ಟೆ ನಮ್ಮ ಹಟ್ಟಿಯ ನೀರಿನ ಪೀಪಾಯಿಯಷ್ಟಿತ್ತು. ಅದರೊಳಗಿದ್ದದ್ದು ನನ್ನ ಹೋರಿ.

ನಾನು ಮೆಪುಕೋರಿ ಓಲೆ ಸಿರೋಂಕಾ. ತಾವು ನನ್ನನ್ನು ಬಲ್ಲಿರಿ. ಆರು ವರ್ಷಗಳಿಂದ ದಿನವೂ ಬೆಳಿಗ್ಗೆ ಕೆಂಪು ಹೊದಿಕೆ ಹೊದ್ದು, ಕೈಯಲ್ಲಿ ಪುಸ್ತಕ ಹಿಡಿದು, ಇನ್ನೂರು ಹೆಜ್ಜೆ ದೂರದಿಂದ ತಮ್ಮನ್ನು ದಿಟ್ಟಿಸುವವನು ನಾನೇ. ಸಿಂಹಗಳ ಲೆಕ್ಕ ಇಡುವ ಕಚೇರಿಯವರು ನನಗೆ ಆ ಪುಸ್ತಕವನ್ನೂ ಒಂದು ದುರ್ಬೀನನ್ನೂ ಕೊಟ್ಟು, ಯಾವ ಸಿಂಹ ಎಲ್ಲಿದೆ, ಯಾರ ಜೊತೆಗಿದೆ, ಅದರ ಹೊಟ್ಟೆ ಹೇಗಿದೆ ಎಂದು ಬರೆಯಲು ನೇಮಿಸಿದ್ದಾರೆ. ಹೊಟ್ಟೆಗೆ ಒಂದರಿಂದ ಐದರವರೆಗೆ ಅಂಕ. ಇದಕ್ಕೆ ಮೊದಲು ನಾನು ಇಪ್ಪತ್ತು ವರ್ಷ ದನದ ಸಂತೆಯಲ್ಲಿ ರಾಸುಗಳಿಗೆ ಅಂಕ ಕೊಡುತ್ತಿದ್ದೆ. ಅಲ್ಲಿ ಎಲುಬು ಎಣಿಸುವ ಹಾಗಿರುವ ದನಕ್ಕೆ ಒಂದು, ಕೊಬ್ಬಿ ಬಾಲದ ಬುಡ ಮುಚ್ಚಿಹೋದ ದನಕ್ಕೆ ಐದು. ಇದು ನಮ್ಮಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ಆದ್ದರಿಂದ ಪುಸ್ತಕದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ವಿವರಣೆಯನ್ನು ನಾನು ಓದಿರಲಿಲ್ಲ.

ಆ ಪುಟದಲ್ಲಿ ಹೀಗಿದೆ: ಹೊಟ್ಟೆ ನೆಲಕ್ಕೆ ತಾಗುವಂತೆ ತುಂಬಿರುವ ಸಿಂಹಕ್ಕೆ ಒಂದು, ಹೊಟ್ಟೆ ಬೆನ್ನಿಗೆ ಅಂಟಿರುವ ಸಿಂಹಕ್ಕೆ ಐದು.

ಐದು ವರ್ಷ ಇದು ಯಾರಿಗೂ ಗೊತ್ತಾಗಲಿಲ್ಲ. ಏಕೆಂದರೆ ತಾವೂ ತಮ್ಮ ಜೊತೆಗಾರರಾದ ಓಲೊಯಿಬೋರ್ ಅವರೂ ಎಲ್ಲವನ್ನೂ ಒಟ್ಟಿಗೆ ತಿಂದು, ಒಟ್ಟಿಗೆ ಹಸಿದು, ಮೂರನೆಯ ಅಂಕದಲ್ಲಿ ನೆಮ್ಮದಿಯಾಗಿ ಕಾಲ ಕಳೆಯುತ್ತಿದ್ದಿರಿ. ಮೂರು ಎಂಬುದು ಯಾವ ಕಡೆಯಿಂದ ಎಣಿಸಿದರೂ ಮೂರೇ. ತಾವಿಬ್ಬರೂ ಒಂದೇ ತಾಯಿಯ ಮಕ್ಕಳಲ್ಲ. ತಾವು ಬೆಟ್ಟದ ಕಡೆಯಿಂದ, ಅವರು ಉಪ್ಪುನೆಲದ ಕಡೆಯಿಂದ ಒಬ್ಬೊಬ್ಬರೇ ಬಂದು, ಮೊದಲ ವಾರ ಕಚ್ಚಾಡಿ, ಎರಡನೆಯ ವಾರ ತಲೆಗೆ ತಲೆ ಉಜ್ಜಿಕೊಂಡದ್ದನ್ನು ನಾನೇ ಬರೆದಿದ್ದೇನೆ. ನಮ್ಮಲ್ಲಿ ಒಂದೇ ಓರಗೆಯ ಯುವಕರು ಈಟಿ ಹಿಡಿದು ತಿರುಗುವ ವರ್ಷಗಳಲ್ಲಿ ಒಬ್ಬನೇ ಕೂತು ಹಾಲು ಕುಡಿಯುವಂತಿಲ್ಲ, ಜೊತೆಗಾರನಿಲ್ಲದಿದ್ದರೆ ಹಸಿದೇ ಇರಬೇಕು. ಆ ಕಟ್ಟಳೆಯನ್ನು ತಾವು ಯಾರೂ ಹೇಳಿಕೊಡದೆ ಪಾಲಿಸುತ್ತಿರುವುದನ್ನು ಕಂಡು ನಮ್ಮ ಹಿರಿಯರು ತಮ್ಮನ್ನು ಮೆಚ್ಚಿ ಮಾತಾಡಿದ್ದೂ ಉಂಟು.

ಈ ಬೇಸಿಗೆಯಲ್ಲಿ ಅದು ಕೆಟ್ಟಿತು. ಓಲೊಯಿಬೋರ್ ಅವರು ಬಲ ಮುಂಗಾಲು ಎತ್ತಿ ನಡೆಯತೊಡಗಿದರು, ಪಕ್ಕೆಗಳು ಕಂಡವು, ಮೊದಲೇ ತಿಳಿಬಣ್ಣದ ಕೇಸರ ಹಳೆಯ ಹಗ್ಗದಂತೆ ಕಿತ್ತುಬಂತು. ನಾನು ನಿಷ್ಠೆಯಿಂದ ಅವರಿಗೆ ಒಂದು ಎಂದೂ, ತಮಗೆ ಐದು ಎಂದೂ ಬರೆದೆ. ಕುಂಟುತ್ತಾರೆ ಎಂಬುದನ್ನೂ ಬರೆದೆ. ಕಚೇರಿಯವರು ಅದನ್ನು ಓದಿ, ಹೊಟ್ಟೆ ಅಷ್ಟು ತುಂಬಿದವರು ಭಾರಕ್ಕೆ ಸ್ವಲ್ಪ ಕುಂಟುವುದು ಸಹಜವೆಂದುಕೊಂಡು, ಹಸಿವಿನಿಂದ ಸಾಯುತ್ತಿರುವ ಓರೋಕ್ ಅವರನ್ನು ಉಳಿಸಲು ಡಾಕ್ಟರ್ ಮುಎನಿ ಅವರನ್ನು ಜೀಪಿನಲ್ಲಿ ಕಳಿಸಿದರು.

ಆ ದಿನ ತಮಗೆ ನೆನಪಿರಲಾರದು, ತಾವು ನಿದ್ರೆಯಲ್ಲಿದ್ದಿರಿ. ಡಾಕ್ಟರಮ್ಮ ಹೊಡೆದ ಮದ್ದಿನ ಸೂಜಿ ತಮ್ಮ ತೊಡೆಗೆ ನಾಟಿ, ತಾವು ಹತ್ತು ಹೆಜ್ಜೆ ನಡೆದು ಉರುಳಿದಿರಿ. ಓಲೊಯಿಬೋರ್ ಅವರು ಓಡಿಹೋಗಬೇಕಿತ್ತು. ಹಾಗೆ ಮಾಡದೆ ಅವರು ತಮ್ಮ ತಲೆಯ ಹತ್ತಿರ ಬಂದು ಕೂತರು. ಹಾರ್ನ್ ಹೊಡೆದೆವು, ಕೂತೇ ಇದ್ದರು. ಜೀಪನ್ನು ನಡುವೆ ತೂರಿಸಿದೆವು, ಸುತ್ತು ಹಾಕಿ ಬಂದು ಆ ಕಡೆ ಕೂತರು. ಎರಡು ಗಂಟೆ ಹೀಗೆ ನಡೆಯಿತು. ಕೂತಾಗಲೆಲ್ಲ ಅವರು ಆ ಕಾಲನ್ನು ಮೈಯಡಿಗೆ ಮಡಚಿಕೊಂಡಿದ್ದರಿಂದ ಅದರ ಊತ ಯಾರಿಗೂ ಕಾಣಲಿಲ್ಲ. ಕೊನೆಗೆ ಡಾಕ್ಟರಮ್ಮ ಕಿಟಕಿಯಿಂದಲೇ ಉದ್ದನೆಯ ಕೋಲಿನ ಸೂಜಿಯಲ್ಲಿ ತಮಗೆ ಶಕ್ತಿಯ ಔಷಧಿ ಕೊಟ್ಟರು, ತಮಗೆ, ಶಕ್ತಿಯ ಔಷಧಿ, ಮತ್ತು ತಮ್ಮ ಹೊಟ್ಟೆಯ ಕಡೆ ಬಹಳ ಹೊತ್ತು ನೋಡಿ ನನ್ನತ್ತ ತಿರುಗಿದರು.

"ಮೆಪುಕೋರಿಯವರೇ, ಹಸಿವಿಂದ ಸಾಯ್ತಿರೋದು ಇದೇನಾ?"

ಅವರು ಮಾತಾಡುತ್ತಲೇ ಪುಸ್ತಕದ ಕೊನೆಯ ಪುಟ ತೆರೆದಿದ್ದರು, ನಾನು ಅವರ ಭುಜದ ಮೇಲಿಂದ ಅದನ್ನು ಮೊದಲ ಸಲ ಓದಿದೆ. ಹಟ್ಟಿಯ ಹನ್ನೊಂದು ಜನ ಜೀಪಿನ ಹಿಂದೆ ನಿಂತಿದ್ದರು. ಹಸಿವಿಗೆ ಹೊಟ್ಟೆ ಊದಿಕೊಂಡಿದೆ ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ, ಆದರೆ ಹೊತ್ತಾಗಿತ್ತು, ಹೊರಟುಹೋದರು. ಮಾನ್ಯರೇ, ಈ ದೂರುಪತ್ರದಲ್ಲಿ ನನ್ನ ಮೇಲಿನ ದೂರು ಇಷ್ಟೇ, ಆದರೆ ಅದನ್ನು ಬಿಟ್ಟು ಬರೆದರೆ ಪತ್ರ ಸುಳ್ಳಾಗುತ್ತದೆ.

ಇದಾಗಿ ಎಂಟು ದಿನಕ್ಕೆ, ಮೊನ್ನೆ ಶನಿವಾರ ಮಧ್ಯಾಹ್ನ, ನೀರಿನ ಗುಂಡಿಯ ಹತ್ತಿರ ಓಲೊಯಿಬೋರ್ ಅವರು ನನ್ನ ಪಟ್ಟೆಯ ಹೋರಿಯನ್ನು ಕೆಡವಿದರು. ಮೂರು ಕಾಲಿನಲ್ಲಿ ಜೀಬ್ರಾವನ್ನು ಅಟ್ಟಲಾಗದು, ನೀರು ಕುಡಿಯುತ್ತಾ ನಿಂತ ಹೋರಿಗೆ ಮೂರು ಕಾಲು ಸಾಕು. ಅವರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ತಮ್ಮ ಬಗ್ಗೆ. ಸರ್ಕಾರಿ ಔಷಧಿಯಿಂದ ನವಚೈತನ್ಯ ಪಡೆದ ತಾವು, ಜೊತೆಗಾರರ ಪಕ್ಕೆಯ ಎಲುಬು ದೂರದಿಂದಲೇ ಎಣಿಸಬಹುದಾಗಿದ್ದಾಗ, ಹೋರಿಯ ಹಿಂಗಾಲಿನ ಮಾಂಸವನ್ನು ಅವರಿಗೆ ಬಿಟ್ಟು ಏಳಬಹುದಿತ್ತು. ತಾವು ಏಳಲಿಲ್ಲ. ತಮ್ಮ ಈ ಹಸಿವನ್ನು ಕಂಡಿದ್ದರೆ ಡಾಕ್ಟರಮ್ಮ ಆ ದಿನ ನನ್ನ ಮಾತನ್ನು ಸ್ವಲ್ಪವಾದರೂ ನಂಬುತ್ತಿದ್ದರೇನೋ.

ನಿನ್ನೆ ಸಂಜೆ ಸಭೆ ಸೇರಿತು. ಈಟಿಯ ಯುವಕರ ಮುಖಂಡ ಕೊಯಿನೆತ್ ತನ್ನವರನ್ನು ಸಿಂಹದ ಬೇಟೆಗೆ ಸಜ್ಜುಮಾಡಿಯಾಗಿತ್ತು. ಸಿಂಹ ಕೊಲ್ಲಲು ಕಾನೂನು ಬಿಡುವುದಿಲ್ಲ, ಆದರೆ ನಮ್ಮ ಕಡೆ ಕಾನೂನು ಬರುವುದು ಸಿಂಹ ಸತ್ತ ಮೇಲೆ. ಒಂದು ಸಿಂಹ ಸಾಕು, ಕುಂಟನೊಬ್ಬನೇ ಕೆಡವಿದ್ದು ಎಂದು ಕೆಲವರು ಹೇಳಿದಾಗ ಕೊಯಿನೆತ್ ಒಪ್ಪಲಿಲ್ಲ.

"ಜೊತೇಲಿ ತಿಂದ್ಮೇಲೆ ತಪ್ಪೂ ಜೊತೇದೇ," ಎಂದ. "ನಮ್ಮ ಓರಗೇಲಿ ಒಬ್ಬ ಮಾಡಿದ್ರೆ ಎಲ್ಲಾರೂ ದಂಡ ಕೊಡಲ್ವಾ? ಇಬ್ರನ್ನೂ ತೆಗೀಬೇಕು."

ನಮ್ಮ ಕಟ್ಟಳೆಯ ಪ್ರಕಾರ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ತಾವು ಓರಗೆಯವರಂತೆ ಬದುಕಿದ್ದೀರಿ ಎಂದು ಆರು ವರ್ಷ ಊರಿಗೆ ಹೇಳಿದವನೂ ನಾನೇ. ಹೊಳೆಯ ಆಚೆ ಮೂರು ಎಳೆಯ ಗಂಡು ಸಿಂಹಗಳು ಎರಡು ತಿಂಗಳಿಂದ ಕಾಯುತ್ತಿವೆ, ಈ ಇಬ್ಬರಲ್ಲಿ ಒಬ್ಬರು ಹೋದರೂ ಅವು ದಾಟಿ ಬರುತ್ತವೆ, ಬಂದ ದಿನವೇ ಇವರಿಗೆ ಹುಟ್ಟಿದ ಏಳು ಮರಿಗಳನ್ನೂ ಮುಗಿಸುತ್ತವೆ, ನಮ್ಮ ಮುಳ್ಳುಬೇಲಿಯ ಮರ್ಯಾದೆ ಅವಕ್ಕೆ ತಿಳಿಯದು, ಆಚೆಯ ಹಟ್ಟಿಯಲ್ಲಿ ಹೋದ ತಿಂಗಳೊಂದರಲ್ಲೇ ಹದಿನಾಲ್ಕು ದನ ತಿಂದಿವೆ ಎಂದು ನಾನು ವಿವರಿಸಿದೆ. ಕುಂಟುವವರ ಕಾಲಿಗೆ ಮದ್ದಾದರೆ ಅವರು ಮತ್ತೆ ಕಾಡಿನ ಬೇಟೆಗೆ ಹೋಗುತ್ತಾರೆ ಎಂದೂ ಹೇಳಿದೆ. ಹಿರಿಯರಾದ ಓಲೆ ತಿಪಾಪೆ ಸಾವಧಾನವಾಗಿ ಕೇಳಿದರು, ಹಾಗಾದರೆ ಡಾಕ್ಟರಮ್ಮ ಬಂದಾಗ ಕುಂಟನನ್ನು ಬಿಟ್ಟು ದಪ್ಪನೆಯವನಿಗೇಕೆ ಮದ್ದು ಕೊಟ್ಟರು ಎಂದು.

ನನ್ನ ಪಕ್ಕದಲ್ಲಿ ನನ್ನ ಓರಗೆಯ ಪರ್ಮುವಾತ್ ಕೂತಿದ್ದ. ನಾವು ಒಂದೇ ಸೋರೆಬುರುಡೆಯಲ್ಲಿ ಏಳು ವರ್ಷ ಹಾಲು ಕುಡಿದವರು. ಅವನು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ.

"ಸುಮ್ನಿರೋ ಮಾರಾಯ. ಡಾಕ್ಟ್ರಮ್ಮ ತಪ್ಪು ಸಿಂಹಕ್ಕೆ ಹೊಡೆದ್ಲು ಅನ್ನು. ಅವಳೇನು ಇಲ್ಲಿ ಕೂತಿದಾಳಾ? ಬೇಕಾದ್ರೆ ನಾನೂ ನೋಡ್ದೆ ಅಂತೀನಿ."

ಸ್ನೇಹವೆಂದರೆ ಇದೇ ಎಂದು ಆ ಕ್ಷಣ ನನಗನ್ನಿಸಿತು. ಆದರೆ ಹಾಗೆ ಹೇಳಿದರೆ ಡಾಕ್ಟರಮ್ಮನ ಮಾತಿಗೆ ಈ ಊರಲ್ಲಿ ಬೆಲೆಯಿರುವುದಿಲ್ಲ, ಅವರನ್ನು ಮತ್ತೆ ಕರೆಸಿ ಎಂದು ಕೇಳಲು ನನಗೆ ಬಾಯಿರುವುದಿಲ್ಲ. ನಾನು ಎದ್ದು ನಿಂತು, ಅಂಕಗಳನ್ನು ತಲೆಕೆಳಗಾಗಿ ಬರೆದವನು ನಾನು, ಗೊತ್ತಾದ ಮೇಲೂ ಒಂಬತ್ತು ದಿನ ಬಾಯಿ ಮುಚ್ಚಿಕೊಂಡವನೂ ನಾನು ಎಂದು ಹೇಳಿದೆ.

ಓಲೆ ತಿಪಾಪೆ ತಮ್ಮ ಕೋಲಿಗೆ ಗಲ್ಲ ಊರಿ, "ನನ್ನ ಹೋರಿಗಳಿಗೆಲ್ಲ ಇಪ್ಪತ್ತು ವರ್ಷ ಅಂಕ ಕೊಟ್ಟಿದ್ದು ಇವ್ನೇ," ಎಂದರು. "ಯಾವ ಕಡೆಯಿಂದ ಎಣಿಸ್ತಿದ್ನೋ ಯಾರಿಗ್ಗೊತ್ತು."

ಹೆಂಗಸರು ಕೂತ ಕಡೆಯಿಂದ ನಗು ಎದ್ದಿತು, ನನ್ನ ಹೆಂಡತಿ ರೆಸಿಯಾನ್ ಎಲ್ಲರಿಗಿಂತ ಜೋರಾಗಿ ನಕ್ಕಳು. ಕೊಯಿನೆತ್ ಒಬ್ಬನೇ ನಗಲಿಲ್ಲ. ನಾನು ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಅವರು ಗುರುವಾರ ಬರುತ್ತೇನೆ, ಅದಕ್ಕೆ ಮೊದಲು ಮದ್ದು ಸಿಗುವುದಿಲ್ಲ ಎಂದರು. ಕೊಯಿನೆತ್ ಈಟಿಯನ್ನು ನೆಲಕ್ಕೆ ಚುಚ್ಚಿ ನಿಲ್ಲಿಸಿದ.

"ಗುರುವಾರದ ತನಕ, ಯಜಮಾನ್ರೇ. ಅಷ್ಟರಲ್ಲಿ ಒಂದು ಕರುವಿನ ಬಾಲ ಮುಟ್ಟಿದ್ರೂ ನಿಮ್ಮ ಪುಸ್ತಕ ನೋಡಲ್ಲ. ಇಬ್ರೂ ಹೋಗ್ತಾರೆ."

ಆದ್ದರಿಂದ ಮಾನ್ಯರೇ, ಇಂದು ಸೋಮವಾರ, ತಮ್ಮ ಅಪಾರ ಔದಾರ್ಯದಲ್ಲಿ ನಂಬಿಕೆಯಿಟ್ಟು ಈ ಕೆಲವು ಸಣ್ಣ ವಿನಂತಿಗಳನ್ನು ಸಲ್ಲಿಸುತ್ತಿದ್ದೇನೆ. ನಾಲ್ಕು ದಿನ ಓಲೊಯಿಬೋರ್ ಅವರನ್ನು ಜವುಗಿನ ಆಚೆ ಇರಿಸಿಕೊಳ್ಳಬೇಕು. ಅವರು ನೀರಿನ ಗುಂಡಿಯ ಕಡೆ ಮುಖ ಮಾಡಿದರೆ, ಆ ದಿನ ಅವರು ಜೀಪಿಗೆ ಅಡ್ಡ ಕೂತಂತೆ, ತಾವು ಅವರಿಗೆ ಅಡ್ಡ ಕೂರಬೇಕು. ತಮ್ಮ ಗಾತ್ರ ನೋಡಿದರೆ ಅವರು ಸುತ್ತು ಹಾಕುವುದರೊಳಗೆ ಗುರುವಾರವಾಗುತ್ತದೆ. ಮಧ್ಯೆ ಒಂದು ಜೀಬ್ರಾವನ್ನು ತಾವೇ ಖುದ್ದಾಗಿ ಕೆಡವಿ, ತಿನ್ನುವುದನ್ನು ಅರ್ಧಕ್ಕೆ ನಿಲ್ಲಿಸುವ ಹೊಸ ಅಭ್ಯಾಸವೊಂದನ್ನು ಮಾಡಿಕೊಳ್ಳಬೇಕು. ಬೆಳಗಿನ ಜಾವ ಗರ್ಜಿಸುವಾಗ, ಹೊಳೆಯಾಚೆಯ ಮೂವರು ಇತ್ತ ಎಷ್ಟು ಗಂಟಲಿವೆಯೆಂದು ಎಣಿಸುತ್ತಾರೆಂಬುದನ್ನು ನೆನಪಿಟ್ಟು, ಸಾಧ್ಯವಾದರೆ ಇಬ್ಬರ ದನಿಯಲ್ಲಿ ಗರ್ಜಿಸಬೇಕು. ಓಲೊಯಿಬೋರ್ ಅವರ ದನಿ ಕೇಳಿ ಮೂರು ವಾರವಾಯಿತು. ಗುರುವಾರ ಡಾಕ್ಟರಮ್ಮ ಬಂದಾಗ ಮಾತ್ರ ತಾವು ಯಾರ ತಲೆಯ ಹತ್ತಿರವೂ ಕೂರದೆ ದೂರ ಹೋಗಬೇಕು. ಅಂದೊಂದು ದಿನ ಸ್ನೇಹ ತೋರಿಸದಿದ್ದರೆ ನಾನು ಅದನ್ನು ಪುಸ್ತಕದಲ್ಲಿ ಬರೆಯುವುದಿಲ್ಲ.

ಈ ಪತ್ರದ ಒಂದು ಪ್ರತಿಯನ್ನು ಶಾಲೆಯ ಗೋಡೆಗೆ ಅಂಟಿಸಿದ್ದೇನೆ, ತಮ್ಮ ಪ್ರತಿಯನ್ನು ಜಾಲಿ ಮರಕ್ಕೆ ಕಟ್ಟಿದ್ದೇನೆ. ಕಟ್ಟುವಾಗ ತಾವು ಒಂದು ಕಣ್ಣು ತೆರೆದು ನೋಡಿದ್ದಕ್ಕೂ, ಎರಡನೆಯದನ್ನು ತೆರೆಯದೆ ಇದ್ದುದಕ್ಕೂ ಕೃತಜ್ಞನಾಗಿದ್ದೇನೆ.

ತಮ್ಮ ಹೊಟ್ಟೆಯನ್ನು ಬಲ್ಲ, ತಮ್ಮ ವಿಶ್ವಾಸಿ,
ಮೆಪುಕೋರಿ ಓಲೆ ಸಿರೋಂಕಾ

ತಾಜಾಕಲಂ: ಇಂದು ಶುಕ್ರವಾರ. ಬುಧವಾರ ತಾವು ಕೆಡವಿದ ಜೀಬ್ರಾವನ್ನು ಅರ್ಧಕ್ಕೆ ಬಿಟ್ಟು ಎದ್ದದ್ದನ್ನು, ಓಲೊಯಿಬೋರ್ ಅವರು ಆಮೇಲೆ ಕತ್ತಲಾಗುವವರೆಗೂ ತಿಂದದ್ದನ್ನು ನೋಡಿದೆ. ತಾವು ಎದ್ದದ್ದು ಸ್ನೇಹಕ್ಕೋ ಸೆಖೆಗೋ ನನಗೆ ತಿಳಿಯದು, ಬರೆಯಲು ಪುಸ್ತಕದಲ್ಲಿ ಅಂಥ ಜಾಗವೂ ಇಲ್ಲ. ಯಾವ ಕರುವಿನ ಬಾಲವೂ ಕಾಣೆಯಾಗಲಿಲ್ಲ. ನಿನ್ನೆ ಡಾಕ್ಟರಮ್ಮ ಓಲೊಯಿಬೋರ್ ಅವರ ಪಾದದಿಂದ ನನ್ನ ಗೇಣುದ್ದದ ಮುಳ್ಳುಹಂದಿಯ ಮುಳ್ಳನ್ನು ಕಿತ್ತರು, ಕೊಯಿನೆತ್ ಅದನ್ನು ಕೇಳಿ ಪಡೆದು ಕೂದಲಿಗೆ ಸಿಕ್ಕಿಸಿಕೊಂಡು ಹೋದ. ಇತ್ತ ಒಂಬತ್ತು ದಿನ ಬಾಯಿ ಮುಚ್ಚಿಕೊಂಡು ಓರಗೆಯ ಮಾನ ಕಳೆದದ್ದಕ್ಕೆ ನನ್ನ ಓರಗೆಯವರು ನನಗೆ ಒಂದು ಟಗರು ದಂಡ ಹಾಕಿ, ಕುಯ್ದು ಸುಟ್ಟು ತಿಂದರು. ಕೊಟ್ಟವನು ನಾನೇ ಆದರೂ ನನ್ನನ್ನೂ ಕೂರಿಸಿಕೊಂಡು ಪಕ್ಕೆಯ ಪಾಲು ಕೊಟ್ಟರು. ನನ್ನ ಹೋರಿಯಲ್ಲಿ ನನಗೆ ಬರಬೇಕಾದ ಪಾಲನ್ನು ತಾವು ಈವರೆಗೆ ಕಳಿಸಿಲ್ಲ.