ಐದನೇ ಮಹಡಿಯ ವಾಷರ್

"ನಿನ್ನ ಗೀಸರ್ ನೀರಲ್ಲಿ ಮಿಂದ್ರೆ ಮೈ ಕೊಳೆತ ಮೊಟ್ಟೆ ನಾರುತ್ತೆ ಕಣೋ ಯೆಫೀಮ್. ಹೋದ ವರ್ಷ ನಿಮ್ಮನೇಲಿ ಸ್ನಾನ ಮಾಡ್ಕೊಂಡು ಬಂದ್ಮೇಲೆ ನನ್ ಬೆಕ್ಕು ಎರಡು ದಿನ ಹಾಸಿಗೆ ಹತ್ಲಿಲ್ಲ."

ರಿಮ್ಮಾ ಪಾವ್ಲೊವ್ನಾ ಇದನ್ನು ಹೇಳಿದ್ದು ಅಂಗಳದ ಬೆಂಚಿನ ಮೇಲೆ ಕೂತು, ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಾ, ಇಡೀ ಕಟ್ಟಡದ ಎದುರಿಗೆ. ಆ ಬೆಂಚನ್ನು ಯಾರಾದರೂ ಒಂದು ದಿನ ಕೊಡಲಿ ಹಿಡಿದು ಸೀಳಬೇಕು. ಕೂತವರೆಲ್ಲ ನಕ್ಕರು. ಅದಕ್ಕೆ ಯೆಫೀಮ್ ತಲೆ ಕೆಡಿಸಿಕೊಳ್ಳಲಿಲ್ಲ. ಟ್ರಾಮ್ ಓಡಿಸುವವನಿಗೆ ಬೈಗುಳ ಹೊಸದಲ್ಲ. ಆದರೆ ಐದನೇ ಮಹಡಿಯ ತೈಸಿಯಾ ಬ್ರೆಡ್ಡಿನ ಚೀಲ ಹಿಡಿದು ಅಲ್ಲೇ ನಿಂತಿದ್ದಳು. ಅವಳು ನಗಲಿಲ್ಲ. ತಲೆ ತಗ್ಗಿಸಿ ಮೆಟ್ಟಿಲು ಹತ್ತಿ ಹೋದಳು. ನಕ್ಕಿದ್ದರೇ ಚೆನ್ನಾಗಿತ್ತು.

ನಮ್ಮೂರಲ್ಲಿ ಜೂನ್ ಬಂತೆಂದರೆ ಕೊಳವೆ ತಪಾಸಣೆಗೆಂದು ಎರಡು ವಾರ ಊರ ಕೊಳವೆಯಲ್ಲಿ ಮನೆಮನೆಗೆ ಬರುವ ಬಿಸಿನೀರು ನಿಲ್ಲಿಸುತ್ತಾರೆ. ಜನ ಶಾಪ ಹಾಕುತ್ತಾರೆ, ಪಾತ್ರೆಯಲ್ಲಿ ನೀರು ಕಾಯಿಸುತ್ತಾರೆ, ಕೊನೆಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಮೂರನೇ ಮಹಡಿಯ ಯೆಫೀಮನ ಬಾಗಿಲು ತಟ್ಟುತ್ತಾರೆ. ಆ ಕಟ್ಟಡದಲ್ಲಿ ಗೀಸರ್ ಇದೆಯೆಂದು ಎಲ್ಲರಿಗೂ ಗೊತ್ತಿದ್ದದ್ದು ಅವನೊಬ್ಬನ ಮನೆಯಲ್ಲೇ.

ಆ ಎರಡು ವಾರಕ್ಕಾಗಿ ಚಳಿಗಾಲದಿಂದಲೇ ಕಾಯುವ ಮನುಷ್ಯನೂ ಅವನೊಬ್ಬನೇ. ಹೋದ ಬೇಸಿಗೆಯಲ್ಲಿ ತೈಸಿಯಾ ದಿನಾ ಸಂಜೆ ಬರುತ್ತಿದ್ದಳು. ಮಿಂದು, ಒದ್ದೆ ಕೂದಲು ಹರಡಿಕೊಂಡು ಅಡುಗೆಮನೆಯಲ್ಲಿ ಕೂತು, ಚೆರ್ರಿ ಮುರಬ್ಬ ನಂಚಿಕೊಂಡು ಚಹಾ ಕುಡಿಯುತ್ತಿದ್ದಳು. ಕಿಟಕಿಯಿಂದ ಪಾಪ್ಲರ್ ಮರದ ಬೀಜದ ಬಿಳಿ ಹತ್ತಿ ಹಾರಿ ಬಂದು ಅವಳ ಕೂದಲಿಗೆ ಅಂಟುತ್ತಿತ್ತು. 'ತೆಗೀಲಾ?' ಎಂದು ಕೇಳಲು ಯೆಫೀಮ್ ಪ್ರತಿ ಸಂಜೆ ಬಾಯಿ ತೆರೆದ. ಪ್ರತಿ ಸಂಜೆ ಅದರಿಂದ ಹೊರಬಿದ್ದದ್ದು "ಇನ್ನೊಂದು ಲೋಟ?" ಎಂಬ ಮಾತು. ಆಮೇಲೆ ಊರಿಗೆ ಬಿಸಿನೀರು ಬಂತು, ಊರೆಲ್ಲ ಕುಣಿಯಿತು, ಅವನ ಪಾಲಿಗೆ ವರ್ಷವಿಡೀ ಉಳಿದದ್ದು ಮೆಟ್ಟಿಲ ಮೇಲಿನ ಒಂದು ನಮಸ್ಕಾರ.

ಈ ವರ್ಷದ ಬಿಸಿನೀರು ಆ ದಿನ ಬೆಳಿಗ್ಗೆಯಷ್ಟೇ ನಿಂತಿತ್ತು. ಸಂಜೆಯೊಳಗೆ ಗೀಸರಿನ ನಾತ ಹೋಗಲೇಬೇಕು. ಯೆಫೀಮ್ ಕೊಳಾಯಿ ಮುಚ್ಚಿ, ಗೀಸರಿಗೆ ಪೈಪು ಸಿಕ್ಕಿಸಿ ನೀರು ಇಳಿಯಲು ಬಿಟ್ಟ. ಅಷ್ಟರಲ್ಲಿ ಮೊದಲ ಮಹಡಿಯ ಕ್ಲಿಮ್ ಮಾವ ವಾಸನೆ ಹಿಡಿದು ಬಂದ.

"ಕರೆಂಟ್ ಆಫ್ ಮಾಡಿದ್ಯಾ?"

"ಮಾಡಿದೀನಿ, ಕ್ಲಿಮ್ ಮಾವ."

"ಇನ್ನೊಂದ್ಸಲ ಮಾಡು. ನಾನು ಜಲಾಂತರ್ಗಾಮೀಲಿ ಕೆಲಸ ಮಾಡ್ದೋನು. ಅಲ್ಲಿ ನೀರು ಹೊರಗಿರ್ತಿತ್ತು, ಇಲ್ಲಿ ಒಳಗಿದೆ, ಅಷ್ಟೇ ವ್ಯತ್ಯಾಸ. ಕೊಡಿಲ್ಲಿ ಸ್ಪ್ಯಾನರ್."

ನೀರು ಪೂರ್ತಿ ಇಳಿಯುವ ಮೊದಲೇ ಕ್ಲಿಮ್ ಮಾವ ಗೀಸರಿನ ತಳದ ತಟ್ಟೆ ಬಿಚ್ಚಿದ. ಇಲ್ಲಿಯೂ ನೀರು ಹೊರಗೇ ಆಯಿತು.

ಕೆಳಗಿನ ಮನೆ ರಿಮ್ಮಾ ಪಾವ್ಲೊವ್ನಾಳದು. ನೆನೆದ ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಹತ್ತಿ ಬಂದಳು. "ನಾರುತ್ತೆ ಅಂದೆ ಕಣೋ, ನನ್ನ ತಲೆ ಮೇಲೆ ಸುರಿ ಅಂದ್ನಾ?" ಎಂದವಳು, ಬಿಚ್ಚಿದ ಗೀಸರ್ ಕಂಡು ಕೋಪ ಮರೆತು ಸ್ಟೂಲ್ ಎಳೆದುಕೊಂಡು ಕೂತಳು.

ನೀರು ಕಾಯಿಸುವ ಕಾಯಿಲ್ ಮೇಲೆ ಸುಣ್ಣ ಕಟ್ಟಿ, ಅದು ಹಿಟ್ಟಲ್ಲಿ ಹೊರಳಿಸಿದ ಹಾವಿನಂತೆ ಕಾಣುತ್ತಿತ್ತು. ಗೀಸರನ್ನು ತುಕ್ಕಿನಿಂದ ಕಾಯುವ, ಬೆರಳು ದಪ್ಪ ಇರಬೇಕಾದ ಮೆಗ್ನೀಸಿಯಂ ಕಡ್ಡಿ ಸವೆದು ಹೆಣಿಗೆ ಕಡ್ಡಿಯಾಗಿತ್ತು. ಯೆಫೀಮ್ ಹೊಸ ಕಡ್ಡಿಯನ್ನು ಹೋದ ಶರತ್ಕಾಲದಲ್ಲೇ ತಂದಿದ್ದ. ಕೊಡಲಾಗದ ಉಂಗುರದ ಹಾಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ, ಬಿಚ್ಚುವ ಧೈರ್ಯ ಬಂದಿರಲಿಲ್ಲ. ಈಗ ಕಪ್ಪು ಕೆಸರು ಬಾಚಿದ, ಕಾಯಿಲನ್ನು ನಿಂಬೆ ಉಪ್ಪಿನ ನೀರಲ್ಲಿ ನೆನೆಹಾಕಿ ತಿಕ್ಕಿದ, ಹೊಸ ಕಡ್ಡಿ ಕೂರಿಸಿದ. ಆಗ ಕ್ಲಿಮ್ ಮಾವ ರಬ್ಬರ್ ವಾಷರನ್ನು ಎಳೆದು ನೋಡಿದ. ಅದು ಎರಡು ತುಂಡಾಯಿತು.

ಅಂಗಡಿಯಲ್ಲಿ ಅಂಥ ವಾಷರ್ ಮುಗಿದಿತ್ತು. ಕ್ಲಿಮ್ ಮಾವ ತನ್ನ ಮಳೆಬೂಟು ಕೊಯ್ದು ಒಂದನ್ನು ಮಾಡಿಕೊಟ್ಟ. ಅದು ನೆಗಡಿಯಾದ ಮಗುವಿನ ಮೂಗಿನಂತೆ ಸೋರಿತು.

"ಬಿಡಿ, ನಾನು ತರ್ತೀನಿ. ಯಾರ ಮನೇಲಿ ಏನಿದೆ ಅಂತ ನಂಗೆ ಗೊತ್ತಿಲ್ವಾ?" ಎಂದು ರಿಮ್ಮಾ ಪಾವ್ಲೊವ್ನಾ ಬೆಕ್ಕಿನ ಸಮೇತ ಮೇಲೆ ಹತ್ತಿದಳು. ಬಾಗಿಲು ಬಾಗಿಲು ತಟ್ಟಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ, ಕೈಯಲ್ಲಿ ಹೊಚ್ಚ ಹೊಸ ವಾಷರ್, ಗಂಟಲಲ್ಲಿ ಇಡೀ ಕಟ್ಟಡಕ್ಕೆ ಕೇಳುವ ದನಿ.

"ತೈಸಿಯಾ ಕೊಟ್ಳು. ನಿನ್ನ ಗೀಸರ್ ಕೆಟ್ಟಿದೆ ಅಂದಿದ್ದೇ ತಡ, ಓಡ್ಹೋಗಿ ತಂದ್ಲು. ಕೋಳಿ ಇಲ್ದೋರ ಮನೇಲಿ ಮೊಟ್ಟೆ ಎಲ್ಲಿಂದ ಬಂತು ಹೇಳಿ? ಬಚ್ಚಲಿಗೇ ನುಗ್ಗಿ ನೋಡ್ದೆ. ಪರದೆ ಹಿಂದೆ ಇಂಥದೇ ಗೀಸರ್, ಹಾಕ್ಸಿ ಎರಡು ವರ್ಷ ಆಯ್ತಂತೆ."

ಕ್ಲಿಮ್ ಮಾವ ಹುಬ್ಬು ಗಂಟಿಕ್ಕಿದ. "ಹಾಗಾದ್ರೆ ಹೋದ ವರ್ಷ ಇಲ್ಲಿಗ್ಯಾಕೆ ಬರ್ತಿದ್ಲು?"

"ಅದನ್ನೇ ಕೇಳ್ದೆ. ಬಾಯಿ ಬಿಡ್ಲಿಲ್ಲ. ಕರೆಂಟ್ ಉಳಿಸೋಕೆ, ಇನ್ಯಾಕೆ?"

ಯೆಫೀಮನ ಕೈಯಿಂದ ಸ್ಪ್ಯಾನರ್ ಜಾರಿ ಕಾಲ ಮೇಲೆ ಬಿತ್ತು. ನೋವಾದದ್ದು ಅವನಿಗೆ ತಿಳಿಯಲೇ ಇಲ್ಲ. ವಾಷರ್ ಕೊಟ್ಟರೆ ಗುಟ್ಟು ಬಯಲಾಗುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟಿದ್ದಳು.

ವಾಷರ್ ಹೇಳಿ ಮಾಡಿಸಿದ ಹಾಗೆ ಕೂತಿತು. ಒಂದು ಹನಿಯೂ ಸೋರಲಿಲ್ಲ. ಸಂಜೆಗೆ ನೀರು ಕಾಯಿತು, ನಾತದ ಸುಳಿವಿಲ್ಲ. ಸಾಲುಸಾಲಾಗಿ ಜನ ಬಂದು ಮಿಂದು ಹೋದರು. ಮೇಜಿನ ಮೇಲೆ ಎರಡು ಲೋಟ, ಒಂದು ಮುರಬ್ಬದ ಭರಣಿ ಇಟ್ಟು ಯೆಫೀಮ್ ಕಾದ. ತೈಸಿಯಾ ಬರಲಿಲ್ಲ. ಇನ್ನು ಯಾವ ಮುಖ ಇಟ್ಟುಕೊಂಡು ಬಂದಾಳು? ಇಡೀ ಕಟ್ಟಡಕ್ಕೆ ಗೊತ್ತಾಗಿದೆಯಲ್ಲ.

ಕೊನೆಗೆ ಗೀಸರಿನ ಬಿಸಿನೀರು ಮುಗಿಯಿತು. ಯೆಫೀಮನ ಮೈತುಂಬ ಕೆಸರು ಹಾಗೇ ಇತ್ತು. ಆಗ ಅವನ ಜನ್ಮದಲ್ಲೇ ಬಾರದ ಯೋಚನೆಯೊಂದು ಬಂತು. ನನ್ನ ಮನೆಯಲ್ಲಿ ಬಿಸಿನೀರಿಲ್ಲ, ಅವಳ ಮನೆಯಲ್ಲಿದೆ. ಟವೆಲ್ ಹೆಗಲಿಗೆ ಹಾಕಿಕೊಂಡ, ಮುರಬ್ಬದ ಭರಣಿ ಹಿಡಿದ, ಎರಡೆರಡು ಮೆಟ್ಟಿಲು ಹಾರಿದ.

ನಾಲ್ಕನೇ ಮಹಡಿಯಲ್ಲೇ ಸಾಲಿನ ಬಾಲ ಸಿಕ್ಕಿತು. ಎಲ್ಲರ ಹೆಗಲ ಮೇಲೂ ಟವೆಲ್.

ಐದನೇ ಮಹಡಿಯ ಬಾಗಿಲು ತೆರೆದೇ ಇತ್ತು. ಹೊಸ್ತಿಲಲ್ಲಿ ರಿಮ್ಮಾ ಪಾವ್ಲೊವ್ನಾ ಸ್ಟೂಲ್ ಹಾಕಿಕೊಂಡು, ಮಡಿಲಲ್ಲಿ ಬೆಕ್ಕು, ಸಾಲು ನೋಡಿಕೊಳ್ಳುತ್ತಿದ್ದಳು. ಒಳಗೆ ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಆಗಷ್ಟೇ ಮಿಂದ ಕ್ಲಿಮ್ ಮಾವ ಬೀಟ್‌ರೂಟಿನಂತೆ ಕೆಂಪಾಗಿ ಚಹಾ ಹೀರುತ್ತಿದ್ದ. ತೈಸಿಯಾ ಕೆಟಲ್ ಹಿಡಿದು ನಿಂತಿದ್ದಳು. ಅವಳ ಕೂದಲಲ್ಲಿ ಪಾಪ್ಲರ್ ಹತ್ತಿಯ ಒಂದು ಎಳೆ. ಅವಳು ಯೆಫೀಮನನ್ನು ನೋಡಿದಳು, ಟವೆಲ್ ನೋಡಿದಳು, ಭರಣಿ ನೋಡಿದಳು. ಕೆಟಲ್ ಅರ್ಧದಲ್ಲೇ ನಿಂತಿತು.

"ನೋಡ್ರಪ್ಪಾ ಇವನ್ನ," ಎಂದಳು ರಿಮ್ಮಾ ಪಾವ್ಲೊವ್ನಾ. "ಮನೇಲಿ ಗೀಸರ್ ಇಟ್ಕೊಂಡು ಇಲ್ಲಿಗ್ಯಾಕೋ ಬಂದೆ?"

ಸಾಲು ತಿರುಗಿ ನೋಡಿತು. ಕ್ಲಿಮ್ ಮಾವ ಲೋಟ ಕೆಳಗಿಟ್ಟ. ಎಲ್ಲರೂ ಉತ್ತರಕ್ಕೆ ಕಾದರು. ಎಲ್ಲರಿಗಿಂತ ಹೆಚ್ಚು ಕಾದವಳು ತೈಸಿಯಾ.

ಯೆಫೀಮ್ ಬಾಯಿ ತೆರೆದ. ಭರಣಿಯನ್ನು ಬಲಗೈಯಿಂದ ಎಡಗೈಗೆ ಬದಲಿಸಿದ. ತಿರುಗಿ ಮೆಟ್ಟಿಲು ಇಳಿಯತೊಡಗಿದ.

"ಕರೆಂಟ್ ಉಳಿಸೋಕೆ, ಇನ್ಯಾಕೆ?" ಎಂದು ರಿಮ್ಮಾ ಪಾವ್ಲೊವ್ನಾ ಅಂದದ್ದು ಹಿಂದಿನಿಂದ ಕೇಳಿಸಿತು. ಅವನು ಇಳಿಯುತ್ತಲೇ ಇದ್ದ.