ನೆನಪಿನ ಕಪಾಟಿನ ನಿಧಾನಗತಿ

"ಎಂಟನೇತ್ತಾ ಸಾಲಿ ಅರ್ಧಕ್ಕ ಬಿಟ್ಟಾವ್ನ ಕೈಯಾಗ ನನ್ನ ಯಂತ್ರಾ ಕೊಡೋದಂದ್ರ ಎಮ್ಮಿಗೆ ಕನ್ನಡಕಾ ಹಾಕಿ ಪೇಪರ್ ಓದು ಅಂದಂಗ! ಏ ಹುಚ್ಚೇಶಾ, ದೂರ ಸರದ ನಿಂದ್ರಲೇ!"

ಸಂಶೋಧಕ ಮುರಿಗೆಪ್ಪನವರು ಇಷ್ಟನ್ನು ಮೈಕಿನಲ್ಲಿಯೇ ಹೇಳಿದರು. ಗುಳೇದಗುಡ್ಡದ ಖಣ ನೇಕಾರರ ಸಂಘದ ಅಂಗಳದಲ್ಲಿ ಸೇರಿದ್ದ ಇನ್ನೂರು ಜನ ಗೊಳ್ಳೆಂದು ನಕ್ಕರು. ಹುಚ್ಚೇಶನ ಅವ್ವ ಸಾವಕ್ಕ ಮಾತ್ರ ನಗಲಿಲ್ಲ. ಮಗ್ಗದ ರಿಪೇರಿ ಮಾಡುವ ಹುಚ್ಚೇಶನ ಕಿವಿ ಕೆಂಡವಾಯಿತು. ಕೈಯಲ್ಲಿದ್ದ ನಟ್ಟು ತಿರುವುವ ಪಾನಾವನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ, ಅದು ನೋವಿಗೆ ಕೂಗಿಕೊಳ್ಳದೇ ಇದ್ದದ್ದೇ ಹೆಚ್ಚು!

ಬಾಯಿ ಮುಚ್ಚಿಕೊಂಡು ನಿಲ್ಲಲು ಕಾರಣವಿತ್ತು. ಆ ದಿನ ಸಂಜೆ ಐದರೊಳಗೆ ಹನ್ನೆರಡು ಮಗ್ಗಗಳು ಹೊಸ ಯಂತ್ರದಿಂದ ಓಡದಿದ್ದರೆ ಶೆಡ್ಡು ಮುಚ್ಚಿ, ಮಗ್ಗ ಬಿಚ್ಚಿ, ಗುಜರಿಗೆ ಹಾಕುವುದೆಂದು ಸಂಘ ಠರಾವು ಮಾಡಿತ್ತು. ಅದರಲ್ಲಿ ಮೂರನೆಯ ಮಗ್ಗ ಸಾವಕ್ಕನದು. ಮೂವತ್ತು ವರ್ಷ ಆಕೆ ಅದರ ಮುಂದೆಯೇ ಕೂತಿದ್ದಳು.

ಮುರಿಗೆಪ್ಪನವರ ಯಂತ್ರದ ಹೆಸರು 'ನೆನಪಿನ ಕಪಾಟು'. ಬೀರುವಿನಷ್ಟು ಎತ್ತರ, ಒಳಗೆಲ್ಲಾ ಡಿಸ್ಕುಗಳು. ಊರಿನ ಖಣದ ವಿನ್ಯಾಸಗಳೆಲ್ಲ ಅದರಲ್ಲಿ ತುಂಡು ತುಂಡಾಗಿ ಕೂತಿದ್ದವು. ಕಪಾಟು ಸಂಘದ ಕಚೇರಿಯಲ್ಲಿ, ಮಗ್ಗದ ಶೆಡ್ಡು ಎರಡು ಓಣಿ ಆಚೆ, ನಡುವೆ ಒಂದು ವೈರು. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಮಗ್ಗ ಕೇಳಬೇಕು, ಕಪಾಟು ಹೇಳಬೇಕು.

ಅಧ್ಯಕ್ಷೆ ದಾಕ್ಷಾಯಣಕ್ಕ ಕಾಯಿ ಒಡೆದು ಗುಂಡಿ ಒತ್ತಿದರು. ಜನ ಶೆಡ್ಡಿಗೆ ಓಡಿದರು. ಲಾಳಿ ಟಕ್ಕೆಂದು ಒಮ್ಮೆ ಹಾರಿತು. ಚಪ್ಪಾಳೆ!

ಆಮೇಲೆ ನಿಂತಿತು. ಜನ ಕಾದರು. ಕೂಸುಗಳು ಅತ್ತು, ಮಲಗಿ, ಎದ್ದವು. ಆಗ ಇನ್ನೊಮ್ಮೆ ಟಕ್!

"ಹಿಂಗಾದ್ರ ಒಂದು ಕುಪ್ಪಸದ ಖಣಾ ಮುಗಿಯೂದ್ರಾಗ ತೊಡಾಕಿ ಮುದುಕಿ ಆಗಿರ್ತಾಳ ನೋಡ್ರಿ," ಎಂದಳು ಸಾವಕ್ಕ.

"ವೈರ್ ಸಣ್ಣದೈತಿ, ಅದಕ್ಕ!" ಎಂದರು ಮುರಿಗೆಪ್ಪ. ಹೆಬ್ಬಾವಿನಂಥ ವೈರು ಬಂತು. ಎಳೆಯಲು ಎಂಟು ಜನ ಬೇಕಾಯಿತು, ಎರಡು ಓಣಿಯ ಕಟ್ಟೆಗಳು ಕಿತ್ತುಹೋದವು. ಮಗ್ಗದ ವೇಗ ಕೂದಲೆಳೆಯಷ್ಟೂ ಏರಲಿಲ್ಲ.

"ಡಿಸ್ಕ್ ಕಾದಾವು!" ಎಂದರು. ಮದುವೆ ಮಂಟಪದ ನಾಲ್ಕು ಕೂಲರುಗಳನ್ನು ತಂದು ಕಪಾಟಿನ ಮುಂದಿಟ್ಟರು. ಕಚೇರಿಯ ಗುಮಾಸ್ತ ಕಂಬಳಿ ಹೊದ್ದು ಸೀನತೊಡಗಿದ. ಮಗ್ಗ ಅಲ್ಲೇ ಇತ್ತು.

"ಒಂದು ಕಪಾಟಿಗೆ ಭಾರ ಆಗೇತಿ. ಜೋಡಿ ಬೇಕು!" ಎಂದು ಮೊದಲಿನದರ ಪಡಿಯಚ್ಚಿನಂಥ ಎರಡನೆಯ ಕಪಾಟನ್ನು ಎತ್ತಿನ ಗಾಡಿಯಲ್ಲಿ ತರಿಸಿ ಪಕ್ಕಕ್ಕೆ ನಿಲ್ಲಿಸಿದರು. ಮಗ್ಗ ಇನ್ನೂ ನಿಧಾನವಾಯಿತು. ಈಗ ಎರಡು ಟಕ್‌ಗಳ ನಡುವೆ ಅಡಿಗೆ ಮಾಡಿ, ಉಂಡು, ಮಲಗಿ ಏಳುವಷ್ಟು ಹೊತ್ತು!

ಗಂಟೆ ಮೂರೂವರೆ. ಗುಜರಿಯವನು ತಕ್ಕಡಿ ಸಮೇತ ಬಾಗಿಲಿಗೆ ಬಂದು ಕೂತ. ಸಾವಕ್ಕ ತನ್ನ ಮಗ್ಗದ ಮರದ ಮೇಲೆ ಕೈಯಾಡಿಸಿದಳು. ಅದನ್ನು ನೋಡಿದ ಹುಚ್ಚೇಶನಿಗೆ ತಡೆಯಲಾಗಲಿಲ್ಲ.

"ಸಾಕ್ರಿ ಸಾಹೇಬ್ರ! ರೋಗಾ ಎಲ್ಲೈತಿ ಅಂತ ನೋಡದನ ಔಷಧಾ ಹಾಕಾಕತ್ತೀರಲ್ಲ!"

"ಲೇ, ನೀ ಯಾಂವಲೇ ನನಗ—"

"ಮಾಡ್ಲಿ ಬಿಡ್ರಿ ಮುರಿಗೆಪ್ಪ," ಎಂದರು ದಾಕ್ಷಾಯಣಕ್ಕ. "ನಿಮ್ಮ ಕೂಲರ್‌ಗಿಂತ ಹೆಚ್ಚಿಗಿ ಕೆಡಸೋದು ಯಾರಿಗೂ ಆಗೂದಿಲ್ಲ."

ಹುಚ್ಚೇಶ ಮೊದಲು ಕಪಾಟಿನ ಎದುರೇ ನಿಂತು ಒಂದು ಇಡೀ ವಿನ್ಯಾಸ ತೆಗೆಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಅಂದರೆ ಡಿಸ್ಕಿನದು ತಪ್ಪಿಲ್ಲ. ಅದೇ ವಿನ್ಯಾಸವನ್ನು ಒಂದೇ ಗಂಟಾಗಿ ಕಟ್ಟಿ ವೈರಿನಲ್ಲಿ ಶೆಡ್ಡಿಗೆ ಕಳಿಸಿದ. ಅದೂ ಸರ್ರನೆ ಹೋಯಿತು. ವೈರಿನದೂ ತಪ್ಪಿಲ್ಲ. ಮಗ್ಗ ತಾನಾಗಿ ಕೇಳಿದಾಗ ಮಾತ್ರ ಆಮೆ!

"ಹಂಗಾದ್ರ ಇವು ತಮ್ಮೊಳಗ ಏನ್ ಮಾತಾಡ್ತಾವ ಕೇಳೇಬಿಡೂಣು," ಎಂದು ಶೆಡ್ಡಿನ ಹಳೆಯ ರೇಡಿಯೋವನ್ನು ವೈರಿಗೆ ಸಿಕ್ಕಿಸಿದ. ಕರಕರ ಸದ್ದಿನ ಹಿಂದೆಯೇ ಎರಡು ದನಿಗಳು ಬಂದವು.

"ಶರಣ್ರಿ! ನಾ ಮಗ್ಗ ಮಾತಾಡೋದು. ಆರಾಮ್ ಅದೀರಿ?"

"ಶರಣು ಶರಣ್ರಿ! ನಾ ಕಪಾಟು. ಆರಾಮ್ರಿ. ಊಟಾ ಆತ್ರಿ?"

"ಆತ್ರಿ. ನಿಮ್ದು?"

"ಈಗ ಆತ್ರಿ. ಏನ್ ಬಂದ್ರಿ?"

"ಒಂದು ಎಳಿ ಬೇಕಿತ್ರಿ."

"ಅಯ್ಯ, ಕೊಡೂಣಂತ, ಅದಕ್ಕೇನ್ರಿ! ಆದ್ರ ಬಾಜೂಕ ಅಣ್ಣಾರ ಅದಾರ. ಅವರ ಕೊಡ್ಲಿ."

"ಛೇ ಛೇ, ನೀವ ಕೊಡ್ರಿ ತಮ್ಮಾ!" ಎಂದಿತು ಎರಡನೆಯ ಕಪಾಟು.

"ಇಲ್ಲಿಲ್ಲ, ದೊಡ್ಡವ್ರು ನೀವು!"

ಹೀಗೆ ಹನ್ನೊಂದು ಸಲ ಉಪಚಾರವಾದ ಮೇಲೆ ಒಂದು ಎಳೆಯ ಸುದ್ದಿ ಸಿಕ್ಕಿತು. "ಬರ್ತೀನ್ರಿ" ಎಂದು ಮಗ್ಗ, "ಹೋಗಿ ಬರ್ರಿ" ಎಂದು ಕಪಾಟು. ಅದರ ಬೆನ್ನಿಗೇ, "ಶರಣ್ರಿ! ನಾ ಮಗ್ಗ ಮಾತಾಡೋದು. ಆರಾಮ್ ಅದೀರಿ?"

ಬಟ್ಟೆಯ ಒಂದು ಗೆರೆಗೆ ನಾನೂರು ಎಳೆ. ನಾನೂರು ಸಲ ಊಟ!

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಜರಿಯವನು ತಕ್ಕಡಿಯ ತಟ್ಟೆಯಲ್ಲಿ ಮುಖ ಮುಚ್ಚಿಕೊಂಡ.

"ನಗಬ್ಯಾಡ್ರಿ!" ಮುರಿಗೆಪ್ಪ ಗುಡುಗಿದರು. "ನಮ್ಮೂರಾಗ ಯಾರರೆ ಹೊಸ್ತಿಲಾ ದಾಟಿದ ಕೂಡ್ಲೇ ಕೆಲಸದ ಮಾತು ತಗೀತಾರೇನು? ಯಂತ್ರಕ್ಕೂ ರೀತಿ ರಿವಾಜು ಬೇಕು!"

"ರಿವಾಜು ಇರ್ಲಿ ಬಿಡ್ರಿ, ಚಲೋನ ಐತಿ," ಎಂದ ಹುಚ್ಚೇಶ. "ಒಂದು ಎಳಿಗೆ ಒಂದು ಸಲ ಹೋಗೋದು ಯಾಕ? ನಮ್ಮವ್ವ ಸಂತಿಗೆ ಹೋದ್ರ ಒಂದೊಂದ ಮೆಣಸಿನಕಾಯಿ ತರ್ತಾಳೇನು? ಚೀಲಾ ತುಂಬಿಸ್ಕೊಂಡ ಬರ್ತಾಳ!"

ಶೆಡ್ಡಿನಲ್ಲಿ ವೈರು ಬಂದು ಸೇರುವ, ಹನ್ನೆರಡೂ ಮಗ್ಗಗಳಿಗೆ ಒಂದೇ ಆಗಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೊಂದು ತಿರುಗಣಿ: 'ಒಂದು ಭೇಟಿಗೆ ಎಷ್ಟು?' ಮುಳ್ಳು ಒಂದರ ಮೇಲಿತ್ತು.

"ಒಂದಕ್ಕಿಂತಾ ಹೆಚ್ಚಿಗಿ ಕೇಳೋದು ಹಾವರಿತನಾ, ದುರಾಸಿ ಆಗ್ತೈತಿ ಅಂತ..." ಮುರಿಗೆಪ್ಪನವರ ದನಿ ಇಳಿಯಿತು.

ಹುಚ್ಚೇಶನಿಗೆ ಬೆಳಗಿನಿಂದ ಒಟ್ಟಾಗಿದ್ದ ಸಿಟ್ಟೆಲ್ಲ ಮಣಿಕಟ್ಟಿಗೆ ಬಂತು. ಪಾನಾ ಹಾಕಿ ಮುಳ್ಳನ್ನು ಕೊನೆಯ ತನಕ ತಿರುವಿದ. ಕೊನೆಯಲ್ಲಿ ಅಂಕಿಯೇ ಇರಲಿಲ್ಲ!

"ಶರಣ್ರಿ! ಊಟಾ ಆತ್ರಿ? ಇರೂದೆಲ್ಲಾ ಕೊಡ್ರಿ!"

"ಒಯ್ರಿ!" ಎಂದವು ಎರಡೂ ಕಪಾಟುಗಳು ಒಟ್ಟಿಗೆ.

ಟಕಟಕಟಕಟಕ! ನಾಲ್ಕೂ ನಲವತ್ತಕ್ಕೆ ಹನ್ನೆರಡು ಮಗ್ಗಗಳೂ ಎದ್ದವು. ಶೆಡ್ಡಿನ ತಗಡು ಕುಣಿಯಿತು. ಸಾವಕ್ಕನ ಮಗ್ಗದಿಂದ ಹಸಿರು ಖಣ ಹೊಳೆಯಂತೆ ಇಳಿಯಿತು. ಐದಕ್ಕೆ ದಾಕ್ಷಾಯಣಕ್ಕ ಠರಾವಿನ ಹಾಳೆಯನ್ನು ನಾಲ್ಕು ಚೂರು ಮಾಡಿ ಹಾರಿಸಿದರು. ಗುಜರಿಯವನೂ ತನ್ನ ಹೆಂಡತಿಗೊಂದು ಖಣ ಆರಿಸಿಕೊಂಡು ಹೋದ.

ಐದೂಕಾಲಿಗೆ ಕಪಾಟಿನಲ್ಲಿದ್ದ ವಿನ್ಯಾಸಗಳೆಲ್ಲ ಮುಗಿದವು. ಮಗ್ಗಗಳು ನಿಲ್ಲಲಿಲ್ಲ. ಮುಳ್ಳು ಅಂಕಿ ದಾಟಿತ್ತಲ್ಲ! ಬರೆದದ್ದು ಮುಗಿದ ಮೇಲೆ ಕಪಾಟುಗಳು ಇನ್ನೂ ಬರೆಯದೇ ಇದ್ದದ್ದನ್ನು ಕೊಡತೊಡಗಿದವು. ಬರುವ ವರ್ಷದ ದೀಪಾವಳಿಯ ಖಣ ಬಂತು. ಅದರ ಹಿಂದೆ ಜೋಳದ ತೆನೆಯ ಮೇಲೆ ಕೂತ ಗುಬ್ಬಿ.

"ಅಯ್ಯ ನಮ್ಮವ್ವ!" ದಾಕ್ಷಾಯಣಕ್ಕ ಬಾಯಿಗೆ ಸೆರಗು ಹಿಡಿದರು. "ಇದು ನಾ ಇನ್ನೂ ಮನಸ್ಸಿನ್ಯಾಗ ಇಟ್ಕೊಂಡಿದ್ದ ಗುಬ್ಬಿ! ಯಾರಿಗೂ ಹೇಳಿಲ್ಲ!"

ಹೆಣ್ಣುಮಕ್ಕಳು ಮುಂದಿನ ಐದು ವರ್ಷದ ಫ್ಯಾಶನ್ನಿಗೆ ಮುಗಿಬಿದ್ದರು. ಯಾರೋ ಹುಚ್ಚೇಶನ ತಲೆಗೆ ಖಣದ ರುಮಾಲು ಸುತ್ತಿದರು. ಹಲಗಿ ಬಡಿದರು. ಬಟ್ಟೆ ಶೆಡ್ಡು ತುಂಬಿ, ಬಾಗಿಲು ದಾಟಿ, ಓಣಿಗೆ ಹರಿಯಿತು.

ಸೊಂಟದ ತನಕ ಖಣದಲ್ಲಿ ಹೂತಿದ್ದ ಮುರಿಗೆಪ್ಪನವರು ಕೈ ಎತ್ತಿ ಕೂಗಿದರು. "ಹುಚ್ಚೇಶಪ್ಪಾ! ಹುಚ್ಚೇಶಪ್ಪನವ್ರ! ಇದನ್ನ ನಿಂದ್ರಸೋದು ಹೆಂಗ್ರಿ?"

ಇನ್ನೂರು ಜನ ತಿರುಗಿ ಹುಚ್ಚೇಶನನ್ನು ನೋಡಿದರು. ಹುಚ್ಚೇಶ ಪಾನಾವನ್ನು ಕಿಸೆಗೆ ಇಳಿಸಿದ. ಅವ್ವನಿಗೆಂದು ಗುಬ್ಬಿಯ ಖಣವೊಂದನ್ನು ಹರಿದು ಹೆಗಲಿಗೆ ಹಾಕಿಕೊಂಡ. ಆಮೇಲೆ, ಓಣಿಯ ತುಂಬ ಹಾಸಿದ್ದ ಹೊಸ ಬಟ್ಟೆ ಕೊಳೆಯಾಗದಿರಲೆಂದು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಬೆಳಿಗ್ಗೆ ಮೈಕಿನಲ್ಲಿ ಹೇಳಿಸಿಕೊಂಡಂತೆಯೇ ದೂರ ಸರಿದು, ಮನೆಯ ಕಡೆ ನಡೆದ.