ಹೊಸ ದೇವಾಲಯದಲ್ಲಿ ಕಂಬವಿಲ್ಲದಿರುವ ಕುರಿತು

ಸಂತ ಬಕಿತಾ ಧರ್ಮಕೇಂದ್ರ, ಕ್ಯಾಂದುಲು, ಮಕುವೇನಿ ಸೀಮೆ
ಸ್ವಾಗತ ಸಮಿತಿ

ಸುತ್ತೋಲೆ ಸಂಖ್ಯೆ: ಸ್ವಾ.ಸ./ಕಂಬ/04
ದಿನಾಂಕ: ತಪಸ್ಸುಕಾಲದ ಮೂರನೇ ವಾರ, ಮಂಗಳವಾರ

ವಿಷಯ: ಶ್ರೀಮತಿ ಪೆರ್ಪೆಟುವಾ ಮುತೆಯು ಅವರನ್ನು ನಾಲ್ಕು ಸಲ ಸ್ವಾಗತಿಸಿದ್ದು, ಐದನೇ ಭಾನುವಾರ ಅವರು ಬಾರದೇ ಇದ್ದದ್ದು ಹಾಗೂ ಅವರು ಮರಳಿ ಬರುವಂತೆ ಮಾಡುವ ಕ್ರಮಗಳ ಬಗ್ಗೆ.

ಉಲ್ಲೇಖ:
1) ಇದೇ ಸಮಿತಿಯ ಸುತ್ತೋಲೆ ಸಂಖ್ಯೆ 03, 'ಯಾರನ್ನೂ ಒಂಟಿಯಾಗಿ ಕೂರಲು ಬಿಡಬಾರದು'.
2) ಶ್ರೀಮತಿ ಫಿಲೊಮಿನಾ ಕಲೆಕ್ಯೆ ಅವರು ನೀರಿನ ನಲ್ಲಿಯ ಬಳಿ, ಎರಡು ಡಬ್ಬ ತುಂಬುವಷ್ಟು ಹೊತ್ತು ಸಲ್ಲಿಸಿದ ಮೌಖಿಕ ದೂರು.

ಪ್ರಸ್ತಾವನೆ:

ಹಳೆಯ ದೇವಾಲಯವು ಮಣ್ಣಿಟ್ಟಿಗೆಯ ಗೋಡೆ, ತಗಡಿನ ಮಾಡು ಹಾಗೂ ಎಂಟು ಮರದ ಕಂಬಗಳನ್ನು ಹೊಂದಿತ್ತು. ಹೊಸ ದೇವಾಲಯವು ದುಂಡಗಿದ್ದು, ಒಂದೂ ಕಂಬವನ್ನು ಹೊಂದಿರುವುದಿಲ್ಲ. ಉದ್ಘಾಟನೆಯ ದಿನ ನೈರೋಬಿಯ ಎಂಜಿನಿಯರ್‌ರವರು "ಇನ್ಮೇಲೆ ಎಲ್ರಿಗೂ ಎಲ್ರೂ ಕಾಣಿಸ್ತೀರಿ" ಎಂದು ಘೋಷಿಸಿದಾಗ ಸಭೆಯು ಚಪ್ಪಾಳೆ ತಟ್ಟಿತು. ಹೆಂಗಸರ ಬದಿಯಿಂದ ಚಪ್ಪಾಳೆ ಸ್ವಲ್ಪ ತಡವಾಗಿ ಬಂದದ್ದನ್ನು ಯಾರೂ ಗಮನಿಸಿರುವುದಿಲ್ಲ.

ಹಳೆಯ ದೇವಾಲಯದ ಹೆಂಗಸರ ಬದಿಯಲ್ಲಿ, ಹಿಂದಿನಿಂದ ಎರಡನೇ ಕಂಬದ ಮರೆಯಲ್ಲಿ ಕುಳಿತವರು ಬಲಿಪೀಠಕ್ಕೂ ಕಾಣುತ್ತಿರಲಿಲ್ಲ, ಗಾನವೃಂದಕ್ಕೂ ಕಾಣುತ್ತಿರಲಿಲ್ಲ. ಅಲ್ಲಿ ಕುಳಿತು ಅಳುವ ಪದ್ಧತಿ ಇತ್ತು, ಭಾನುವಾರಕ್ಕೆ ಒಬ್ಬರಂತೆ. ಸರದಿಯನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೂ ಒಮ್ಮೆಯೂ ಇಬ್ಬರು ಒಟ್ಟಿಗೆ ಹೋದದ್ದಿಲ್ಲ. ಕಳೆದ ಕೊಯ್ಲಿನ ನಂತರ ಶ್ರೀಮತಿ ಮುತೆಯು ಅವರ ಪತಿ ತೀರಿಕೊಂಡ ಮೇಲೆ, ಉಳಿದವರು ತಮ್ಮ ಸರದಿಗಳನ್ನು ಅವರಿಗೇ ಬಿಟ್ಟುಕೊಟ್ಟಿದ್ದರು.

ಹೊಸ ದೇವಾಲಯದಲ್ಲಿ ಅವರು ಎಲ್ಲರ ಕಣ್ಣೆದುರೇ ಕುಳಿತು ಅಳಬೇಕಾಯಿತು. ಒಂಟಿಯಾಗಿ ಕುಳಿತು ಕಣ್ಣೊರೆಸಿಕೊಳ್ಳುವ ವ್ಯಕ್ತಿಯನ್ನು ಹೊಸಬರೆಂದು ಪರಿಗಣಿಸತಕ್ಕದ್ದು ಎಂದು ಸುತ್ತೋಲೆ 03ರಲ್ಲಿ ಸೂಚಿಸಲಾಗಿದ್ದ ಕಾರಣ, ಕಾರ್ಯಕರ್ತೆಯರು ಅವರನ್ನು ಎಬ್ಬಿಸಿ ನಿಲ್ಲಿಸಿ, ಹೆಸರು ಮತ್ತು ಊರು ಹೇಳಿಸಿ, ಸ್ವಾಗತಗೀತೆ ಹಾಡಿ, ಚಪ್ಪಾಳೆ ತಟ್ಟಿಸಿ, ಚಹಾ ಹಾಗೂ ಎಣ್ಣೆಯಲ್ಲಿ ಕರಿದ ಎರಡು ಬಿಸಿ ಮಂದಾಜಿ ಕೊಟ್ಟರು. ಶ್ರೀಮತಿ ಮುತೆಯು ಅವರು ಇದೇ ಊರಿನಲ್ಲಿ ಐವತ್ತೆರಡು ವರ್ಷಗಳಿಂದ ವಾಸವಾಗಿದ್ದು, ಸದರಿ ಕಾರ್ಯಕರ್ತೆಯರ ಪೈಕಿ ಮೂವರು ಹುಟ್ಟುವಾಗ ಸೂಲಗಿತ್ತಿಯಾಗಿದ್ದವರು. ಗುರುತು ಸಿಗಲಿಲ್ಲವೇ ಎಂದು ಆ ಮೂವರಿಂದ ವಿವರಣೆ ಕೇಳಲಾಗಿ, "ಸಿಕ್ತು. ಆದ್ರೆ ಗುರುತು ಸಿಕ್ರೆ ಬಿಟ್ಬಿಡಿ ಅಂತ ರೂಲಲ್ಲಿ ಬರ್ದಿಲ್ವಲ್ಲ ಅಕ್ಕ" ಎಂದು ಉತ್ತರಿಸಿದ್ದಾರೆ. ನಾಲ್ಕನೇ ಭಾನುವಾರ ಶ್ರೀಮತಿ ಮುತೆಯು ಅವರು ಯಾರೂ ಕೇಳುವ ಮೊದಲೇ ಎದ್ದು ನಿಂತು, "ಹೆಸರು ಪೆರ್ಪೆಟುವಾ. ಊರು ಹೋದ ವಾರ ಹೇಳಿದ್ನಲ್ಲ, ಅದೇ. ಇನ್ನೂ ಬದಲಾಗಿಲ್ಲ" ಎಂದರು. ಆಗಲೂ ಗೀತೆಯನ್ನು ಪೂರ್ತಿ ಹಾಡಲಾಯಿತು. ಐದನೇ ಭಾನುವಾರ ಅವರು ಬರಲಿಲ್ಲ.

ಶ್ರೀಮತಿ ಕಲೆಕ್ಯೆ ಅವರ ದೂರಿನ ಸಾರಾಂಶ: "ಏನ್ರೇ, ಅವಳ ಗಂಡ ಸತ್ತಿದ್ದು ಒಂದ್ಸಲ. ನೀವು ಚಪ್ಪಾಳೆ ತಟ್ಟಿಸಿದ್ದು ನಾಲ್ಕು ಸಲ. ಅವಳಿಗೆ ಬೇಕಾಗಿದ್ದು ಒಂದು ಕಂಬ ಕಣ್ರೇ, ಮಂದಾಜಿ ಅಲ್ಲ!"

ಮೇಲ್ಕಂಡ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಎಲ್ಲ ಕಾರ್ಯಕರ್ತೆಯರ ಪಾಲನೆಗಾಗಿ ಕೆಳಕಂಡಂತೆ ಸೂಚಿಸಲಾಗಿದೆ:

1. ಅಳುವುದನ್ನು ಹೊಸಬರ ಲಕ್ಷಣವೆಂದು ಪರಿಗಣಿಸುವ ಕ್ರಮವನ್ನು ತಕ್ಷಣದಿಂದ ರದ್ದುಪಡಿಸಲಾಗಿದೆ.

2. ಒಮ್ಮೆ ಸ್ವಾಗತ ಹೊಂದಿದ ವ್ಯಕ್ತಿಯನ್ನು ಏಳು ವರ್ಷ ಕಳೆಯದೆ ಮತ್ತೆ ಸ್ವಾಗತಿಸತಕ್ಕದ್ದಲ್ಲ. ವಿದ್ಯುತ್ ಮೀಟರ್ ನೋಡಲು ಬಂದು ಸ್ವಾಗತಕ್ಕೆ ಒಳಗಾದ ವ್ಯಕ್ತಿಗೆ ಇದು ಅನ್ವಯಿಸುವುದಿಲ್ಲ. ಅವರು ಈಗ ಗಾನವೃಂದದಲ್ಲಿ ಹಾಡುತ್ತಿದ್ದು, ಮೀಟರನ್ನು ಇದುವರೆಗೆ ನೋಡಿರುವುದಿಲ್ಲ.

3. ಹೊಸ ಬಾಗಿಲು ಅಗಲವಾಗಿರುವುದರಿಂದ ಒಳಬಂದ ಮೇಕೆಗೆ ಸ್ವಾಗತಗೀತೆಯ ಎಲ್ಲ ಹದಿನಾಲ್ಕು ಚರಣಗಳನ್ನು ಹಾಡಿದ್ದು ವಿಷಾದನೀಯ. ಇನ್ನು ಮುಂದೆ ಮೇಕೆಗಳಿಗೆ ಮೊದಲ ಚರಣ ಮಾತ್ರ.

4. ದೇವಾಲಯವು ದುಂಡಗಿರುವುದರಿಂದ ಶಾಂತಿ ವಿನಿಮಯದ ಕೈಕುಲುಕುವಿಕೆಯು ಎಲ್ಲಿಯೂ ಮುಗಿಯದೆ, ಆರಂಭಿಸಿದವರ ಬಳಿಗೇ ತಿರುಗಿ ಬರುತ್ತಿದೆ. ಕಳೆದ ಭಾನುವಾರ ಮೂರು ಸುತ್ತು ಪೂರ್ಣಗೊಂಡು, ಪರಮಪ್ರಸಾದ ಕೊಡುವಾಗ ಮಧ್ಯಾಹ್ನದ ಮೆಕ್ಕೆಜೋಳ-ಅವರೆ ತಳ ಹಿಡಿದಿತ್ತು. ಉಪದೇಶಿ ಶ್ರೀ ಮುತುಕು ಅವರು ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಶಾಂತಿ ಇಲ್ಲಿಗೆ ಮುಗಿಯಿತು ಎಂದು ಬರೆಯತಕ್ಕದ್ದು.

5. ಕಂಬದ ವ್ಯವಸ್ಥೆಯಾಗುವವರೆಗೆ, ಎತ್ತರ ಹಾಗೂ ಅಗಲವನ್ನು ಪರಿಗಣಿಸಿ, ಶ್ರೀಮತಿ ಫಿಲೊಮಿನಾ ಕಲೆಕ್ಯೆ ಅವರನ್ನು ಹಂಗಾಮಿ ಕಂಬವನ್ನಾಗಿ ನೇಮಿಸಲಾಗಿದೆ.
(ಅ) ಹಂಗಾಮಿ ಕಂಬವು ಹಿಂದಿರುಗಿ ನೋಡತಕ್ಕದ್ದಲ್ಲ.
(ಆ) 'ಏನಾಯ್ತು' ಎಂದು ಕೇಳತಕ್ಕದ್ದಲ್ಲ. ಕರವಸ್ತ್ರ ಕೊಡತಕ್ಕದ್ದಲ್ಲ. ತಲೆವಸ್ತ್ರದ ಅಂಚು ತಾನಾಗಿ ಹಿಂದಕ್ಕೆ ಜಾರಿ, ಅದರಲ್ಲಿ ಯಾರಾದರೂ ಮೂಗು ಒರೆಸಿಕೊಂಡಲ್ಲಿ ಸಮಿತಿಯು ಅದನ್ನು ಗಮನಕ್ಕೆ ತೆಗೆದುಕೊಳ್ಳುವುದಿಲ್ಲ.
(ಇ) ನೇಮಕಾತಿಯನ್ನು ಒಪ್ಪುತ್ತಾ ಶ್ರೀಮತಿ ಕಲೆಕ್ಯೆ ಅವರು, "ಕಂಬ ಆಗ್ತೀನಿ, ಅದಕ್ಕೇನಂತೆ. ಆದ್ರೆ ಫಾದರ್ ಪ್ರಬೋಧನೆ ಎಳೆದ್ರೆ ಕಂಬ ಕೂತ್ಕೊಳ್ಳತ್ತೆ, ಹೇಳಿಬಿಡಿ" ಎಂದು ಷರತ್ತು ವಿಧಿಸಿದ್ದು, ಅದನ್ನು ಅಂಗೀಕರಿಸಲಾಗಿದೆ.

6. ಹಳೆಯ ದೇವಾಲಯದ ಏಳು ಕಂಬಗಳು ಉದ್ಘಾಟನೆಯ ಅಡುಗೆಗೆ ಸೌದೆಯಾಗಿವೆ. ಎಂಟನೆಯದು, ಅಂದರೆ ಹೆಂಗಸರ ಬದಿಯ ಹಿಂದಿನಿಂದ ಎರಡನೆಯದು, ಅಡುಗೆಮನೆಯ ಹಿಂದೆ ಚಾಪೆ ಹೊದ್ದು ಮಲಗಿರುವುದು ಕಂಡುಬಂದಿದೆ. ಅದನ್ನು ಯಾರು ಎತ್ತಿಟ್ಟರು ಎಂಬ ವಿಚಾರಣೆಯಲ್ಲಿ ಇಪ್ಪತ್ತಮೂರು ಹೆಂಗಸರು ತಮಗೆ ಗೊತ್ತಿಲ್ಲವೆಂದು ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ವಿಚಾರಣೆ ಮುಕ್ತಾಯಗೊಳಿಸಲಾಗಿದೆ. ಸದರಿ ಕಂಬವನ್ನು ಬರುವ ಶನಿವಾರ ಹೊಸ ದೇವಾಲಯದಲ್ಲಿ ನೆಡಲಾಗುವುದು. ಅದು ಮಾಡಿಗಿಂತ ನಾಲ್ಕು ಮೊಳ ಕುಳ್ಳಗಿರುತ್ತದೆ. "ಮಾಡಿಗೇ ತಾಗಲ್ಲ, ಏನನ್ನ ಹೊರುತ್ತಮ್ಮ ಅದು?" ಎಂದು ಎಂಜಿನಿಯರ್‌ರವರು ದೂರವಾಣಿಯಲ್ಲಿ ಆಕ್ಷೇಪಿಸಿ, ಭರ್ತಿ ಮಾಡಲು ಒಂದು ನಮೂನೆ ಕಳುಹಿಸಿದ್ದರು. ಅದರಲ್ಲಿ 'ಕಂಬ ಹೊರುವ ಭಾರ' ಎಂಬ ಕಾಲಂನಲ್ಲಿ 'ಭಾನುವಾರಕ್ಕೆ ಒಬ್ಬಳು' ಎಂದು ತುಂಬಿ ಹಿಂದಿರುಗಿಸಲಾಗಿದೆ.

7. ಕಂಬದ ಮರೆಯಲ್ಲಿ ಯಾರು, ಯಾಕೆ, ಎಷ್ಟು ಹೊತ್ತು ಕುಳಿತರು ಎಂಬುದಕ್ಕೆ ನೋಂದಣಿ ಪುಸ್ತಕ ಇಡತಕ್ಕದ್ದಲ್ಲ. ಕೆಳಗೆ ಸಹಿ ಮಾಡಿರುವವರು ತಮ್ಮ ಮಗಳನ್ನು ಮಣ್ಣು ಮಾಡಿದ ವರ್ಷ ಅಲ್ಲಿ ಹಲವು ಭಾನುವಾರ ಕುಳಿತಿದ್ದರು. ಆಗ ಅವರನ್ನು ಯಾರೂ ಸ್ವಾಗತಿಸಿರಲಿಲ್ಲ. ಅದಕ್ಕಾಗಿ ಅವರು ಸಭೆಗೆ ಇಂದಿಗೂ ಋಣಿಯಾಗಿದ್ದಾರೆ. ಸುತ್ತೋಲೆ 03ಕ್ಕೂ ಅವರೇ ಸಹಿ ಮಾಡಿದ್ದರು ಎಂಬುದನ್ನು ವಿಷಾದದಿಂದ ದಾಖಲಿಸಲಾಗಿದೆ.

(ಸಹಿ)
ಅಗ್ರಿಪಿನಾ ವಾವಿನ್ಯಾ
ಅಧ್ಯಕ್ಷೆ, ಸ್ವಾಗತ ಸಮಿತಿ

ಪ್ರತಿಗಳು:
1. ಫಾದರ್ ಸಿಲ್ವಾನಸ್ ಮುತಿಸ್ಯಾ, ಧರ್ಮಕೇಂದ್ರದ ಗುರುಗಳು: ಕಲಂ 5(ಇ) ಅನ್ನು ಎರಡು ಸಲ ಓದಿಕೊಳ್ಳುವ ಕೋರಿಕೆಯೊಂದಿಗೆ.
2. ಎಂಜಿನಿಯರ್, ನೈರೋಬಿ: ಮಾಹಿತಿಗಾಗಿ. ಇನ್ನೊಂದು ನಮೂನೆಯ ಅಗತ್ಯವಿಲ್ಲ.
3. ಮೇಕೆಯ ಮಾಲೀಕರು.
4. ಶ್ರೀಮತಿ ಪೆರ್ಪೆಟುವಾ ಮುತೆಯು: ಪ್ರತಿಯನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಬರತಕ್ಕದ್ದು. ಒಂದು ವೇಳೆ ಅವರೇ ಬಾಗಿಲು ತೆರೆದಲ್ಲಿ, ಈ ಭಾನುವಾರವೂ ಸರದಿ ಅವರದೇ ಎಂದಷ್ಟೇ ಹೇಳಿ, ನಿಲ್ಲದೆ ಹಿಂದಿರುಗತಕ್ಕದ್ದು.